ಎರಡನೇ ಸಲ ಹಾಡುವ ಸಾಲು

ಮಡಿಕೇರಿ

ಪ್ರೀತಿಯ ಪುಟ್ಟಿ,

ನಿನ್ನ ಸಂಶೋಧನೆಯ ಕರಡು ಸಿಕ್ಕಿತು. ಮಳೆಗೆ ಮೂರು ದಿನದಿಂದ ಕರೆಂಟ್ ಇಲ್ಲ, ಟಾರ್ಚ್ ಹಿಡಿದುಕೊಂಡೇ ಓದಿದೆ. ಚೆನ್ನಾಗಿದೆ. ಆದರೆ ಮೊದಲ ಪುಟದಲ್ಲೇ ‘ಕೊಡವ ತಕ್ಕ್ ಸಣ್ಣ ಭಾಷೆ, ಆದರೂ ಇದರ ಹಾಡುಗಳನ್ನು ಗ್ರೀಕ್ ಮಹಾಕವಿ ಹೋಮರನ ಪಕ್ಕ ಇಡಬಹುದು’ ಅಂತ ಬರೆದಿದ್ದೀಯ. ಆ ‘ಆದರೂ’ ತೆಗೆದು ಹಾಕು ಮಾರಾಯ್ತಿ. ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಬಾಗಿಲಲ್ಲೇ ಯಾಕೆ ನಿಲ್ಲುತ್ತೀಯ?

ಹೀಗೆ ಹೇಳುವ ನಾನೇ ಒಂದು ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸತು. ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ಪಕ್ಕದ ಐನ್‌ಮನೆಗೆ, ಅಂದರೆ ಕೊಡವ ಕುಟುಂಬದ ಮೂಲ ಮನೆಗೆ ಹೋಗಿ, ಅಲ್ಲಿ ಹಾಡುವ ಮನೆಪಾಟ್ ಎಂಬ ಹಾಡು ಬರೆದುಕೊಂಡೆ. ನಾಲ್ಕು ಜನ, ಕೈಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುತ್ತಿದ್ದರು. ಅದದೇ ಮಾತು, ಅದದೇ ಹೊಗಳಿಕೆ ತಿರುಗಿ ತಿರುಗಿ ಬರುತ್ತಿತ್ತು. ಮನೆಗೆ ಬಂದು ಎಲ್ಲಾ ‘ಸರಿ’ ಮಾಡಿದೆ. ಹನ್ನೊಂದು ಪುಟ ನಾಲ್ಕಾಯಿತು. ಒಂದು ಸೆಮಿನಾರಿನಲ್ಲಿ ಓದಿದೆ. ‘ಇದು ಜಾನಪದ, ಸಾಹಿತ್ಯ ಅಲ್ಲ’ ಅಂದರು ಒಬ್ಬ ಹಿರಿಯರು. ಸಿಟ್ಟು ಬಂತು. ಆದರೆ ನಾನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆ, ಇಲ್ಲದಿದ್ದರೆ ಕತ್ತರಿ ಯಾಕೆ ಹಾಕುತ್ತಿದ್ದೆ? ಊರಿಗೆ ಬಂದು ಹಾಡಿದವರಲ್ಲಿ ಹಿರಿಯ ಅಜ್ಜನಿಗೆ ಓದಿ ತೋರಿಸಿದೆ. ಅಜ್ಜ ನಕ್ಕುಬಿಟ್ಟರು. ‘ಇದನ್ನು ಹಾಡೋದು ಹೇಗೆ? ಮುಂದಿನ ಸಾಲು ನೆನಪು ಮಾಡಿಕೊಳ್ಳೋಕೆ ಜಾಗಾನೇ ಇಲ್ವಲ್ಲ!’

ಮಿಲ್ಮನ್ ಪ್ಯಾರಿಯ ಹೆಸರು ನಿನಗೆ ಗೊತ್ತು. ಹೋಮರನನ್ನು ಓದಿಕೊಂಡ ಅಮೆರಿಕದ ಮೇಷ್ಟ್ರು. 1933ರಿಂದ 1935ರವರೆಗೆ ಯುಗೊಸ್ಲಾವಿಯಾದ ಹಳ್ಳಿ ಪೇಟೆಗಳಲ್ಲಿ ಅಲೆದು ಹಾಡು ರೆಕಾರ್ಡ್ ಮಾಡಿದರು. ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯ ಹಿಡಿದು ಸಾವಿರಾರು ಸಾಲು ಹಾಡುವವರು, ಎಷ್ಟೋ ಮಂದಿಗೆ ಓದು ಬರಹ ಬಾರದು. ರಂಜಾನ್ ರಾತ್ರಿಗಳಲ್ಲಿ ಕಾಫಿ ಅಂಗಡಿಯಲ್ಲಿ ಕೂತು ಹಾಡುತ್ತಿದ್ದವರೂ ಇದ್ದರು. ಸಿದ್ಧ ಮಾತುಗಳನ್ನು ಆಸರೆ ಮಾಡಿಕೊಂಡು ಹಾಡುತ್ತ ಹಾಡುತ್ತಲೇ ಕತೆ ಕಟ್ಟುವುದು ಹೇಗೆ ಅಂತ ಪ್ಯಾರಿ ಕಣ್ಣಾರೆ ಕಂಡದ್ದು ಅಲ್ಲಿ. ಅವರು 1935ರಲ್ಲೇ ತೀರಿಕೊಂಡರು. ಶಿಷ್ಯ ಆಲ್ಬರ್ಟ್ ಲಾರ್ಡ್ ಅದನ್ನೆಲ್ಲ 1960ರಲ್ಲಿ ಪುಸ್ತಕ ಮಾಡಿದರು. ಹೋಮರನಲ್ಲಿ ಬೇಸರ ಹುಟ್ಟಿಸುತ್ತಿದ್ದ ಪುನರಾವರ್ತನೆಗೆ ಆಮೇಲೆ ಬೇರೆಯೇ ಅರ್ಥ ಬಂತು. ಕಾಫಿ ಬೆಳೆಯುವ ನಮಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ನಾನು ಬಿಸಾಡಿದ ಏಳು ಪುಟದಲ್ಲಿ ಏನಿತ್ತೋ!

ಅದಕ್ಕೇ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯನ್ನು ಬರೀ ಕಣ್ಣಲ್ಲಿ ಓದಬೇಡ. ಪೊಲೀಸ್ ಕೆಲಸದಲ್ಲಿದ್ದವರು ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ್ದು ಸಣ್ಣ ಮಾತಲ್ಲ. ಆದರೆ ಅದು ಕನ್ನಡ ಲಿಪಿ. ಕೊಡವ ತಕ್ಕ್‌ನಲ್ಲಿ ‘ಇ’ಗೂ ‘ಉ’ಗೂ ನಡುವೆ ನಾಲಿಗೆ ನಿಲ್ಲುವ ಒಂದು ಸ್ವರ ಉಂಟು. ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೆ ಅಕ್ಷರ ಇಲ್ಲ. ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ ಆಡುವ ಮನೆಯ ನಾವು ಸುಮ್ನೆ ಓದಿಕೊಂಡು ಹೋದರೆ ಅದು ತಪ್ಪಿಹೋಗುತ್ತದೆ. ಬಲ್ಲವರ ಬಾಯಲ್ಲಿ ಹೇಳಿಸಿ ಕೇಳು.

ಇನ್ನೊಂದು ತಕರಾರು. ನೀನು ಕರಡಿನಲ್ಲಿ ಎತ್ತಿಕೊಂಡ ‘ಮೈನರ್ ಲಿಟರೇಚರ್’, ಅಂದರೆ ಸಣ್ಣ ಸಾಹಿತ್ಯ, ಫ್ರೆಂಚ್ ಚಿಂತಕರಾದ ಡೆಲ್ಯೂಜ್, ಗಟ್ಟಾರಿ 1975ರಲ್ಲಿ ಕಾಫ್ಕಾನ ಬಗ್ಗೆ ಹೇಳಿದ್ದು. ದೊಡ್ಡ ಭಾಷೆಯೊಳಗೆ ಕೂತು ಸಣ್ಣ ಗುಂಪಿನವರು ಬರೆಯುವುದು. ಪ್ರಾಗ್‌ನಲ್ಲಿ ಯಹೂದಿಯೊಬ್ಬ ಜರ್ಮನ್‌ನಲ್ಲಿ ಬರೆದ ಹಾಗೆ. ಕೊಡವರು ಕನ್ನಡದಲ್ಲಿ ಬರೆದ ಕತೆಗೆ ಅದು ಒಪ್ಪೀತು. ದುಡಿ ಹಾಡಿಗೆ ಆ ಅಂಗಿ ಹೊಲಿಯಬೇಡ.

ಸಣ್ಣದು ಅನ್ನುವುದೂ ನಿಂತ ಜಾಗದ ಮೇಲೆ ಹೋಗುತ್ತದೆ. ಕನ್ನಡದ ಎದುರು ಕೊಡವ ತಕ್ಕ್ ಸಣ್ಣದು. ನಮ್ಮ ತೋಟದಲ್ಲಿ ಕೂಲಿಯವರ ಲೈನ್ ಮನೆಯಲ್ಲಿರುವ ಎರವ ಬುಡಕಟ್ಟಿನವರ ಮಾತಿನ ಎದುರು ಅದೇ ದೊಡ್ಡ ಯಜಮಾನ. ಕೊಡವಕ್ಕೂ ನಮ್ಮ ಅರೆಭಾಷೆಗೂ ಸರ್ಕಾರದ ಅಕಾಡೆಮಿ ಇದೆ, ಅವರ ಮಾತಿಗೆ ಇಲ್ಲ. ಎರವರ ಹಾಡನ್ನು ನಿನ್ನ ಕರಡಿನಲ್ಲಿ ಅಡಿಟಿಪ್ಪಣಿಗೆ ತಳ್ಳಿದ್ದೀಯ. ಅದಕ್ಕೊಂದು ಅಧ್ಯಾಯ ಕೊಡು. ಹೋಮರ್ ಒಂದು ಅಧ್ಯಾಯ ಕಡಿಮೆಯಾದರೆ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪುತ್ತರಿಗೆ ಬಾ. ಸ್ವೆಟರ್ ತಾ, ಇಲ್ಲಿ ಚಳಿ ಜಾಸ್ತಿ. ಫೋನಲ್ಲಿ ರೆಕಾರ್ಡ್ ಮಾಡಿಕೋ, ಆದರೆ ಹಾಡುವವರನ್ನು ನಡುವೆ ತಡೆದು ‘ಇನ್ನೊಮ್ಮೆ ಹೇಳಿ’ ಅನ್ನಬೇಡ. ಅವರೇ ಹೇಳುತ್ತಾರೆ.

ನಿನ್ನ,
ದೊಡ್ಡಪ್ಪ