ಕ್ಯಾಶಿಗೆ ಕೂರುವ ಪುಟ್ಟಿಗೆ

ಬದಿಯಡ್ಕ
ಭಾನುವಾರ

ಚಿ| ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಮ್ಮ ಕಾಸರಗೋಡು ಜಿಲ್ಲೆಯದ್ದೇ ಹೊಸದುರ್ಗದ ಬ್ಯಾಂಕ್ ಬ್ರಾಂಚಿನಲ್ಲಿ ನಿನ್ನನ್ನು ಮೊದಲಿಗೇ ಕ್ಯಾಶಿಗೆ ಹಾಕುತ್ತಾರಂತೆ, ನಿನ್ನಮ್ಮ ಫೋನ್ ಮಾಡಿದ್ದಳು. ಹೆದರಿಕೆ ಅವಳದ್ದೋ ನಿನ್ನದೋ ಗೊತ್ತಾಗಲಿಲ್ಲ. ಹೆದರಬೇಡ. ಬೇರೆ ಟೇಬಲಿನಲ್ಲಿ ಮಾಡಿದ ತಪ್ಪು ಹೊರಗೆ ಬೀಳಬೇಕಾದರೆ ಆಡಿಟಿನವರು ಬರಬೇಕು. ಕ್ಯಾಶಿನ ತಪ್ಪು ಅದೇ ದಿನ ಸಂಜೆ ಎದುರಿಗೆ ಬಂದು ನಿಲ್ಲುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು.

ಮೊದಲ ಮೂರು ತಿಂಗಳು ನಿಧಾನಕ್ಕೇ ಮಾಡು. ಕ್ಯೂ ಬಾಗಿಲಿನವರೆಗೆ ಹೋದರೆ ಹೋಗಲಿ. ಕ್ಯೂನಲ್ಲಿ ಗೊಣಗಿದವರು ನಾಳೆಗೆ ಮರೆಯುತ್ತಾರೆ. ಕಡಿಮೆ ಬಿದ್ದ ಹಣ ಮಾತ್ರ ನಿನ್ನ ಕೈಯಿಂದಲೇ ಹೋಗುತ್ತದೆ.

ಹಣ ಕಟ್ಟಲು ಬಂದವರ ಚಲನ್ ಮೊದಲು ಓದು: ಖಾತೆ ನಂಬರು, ಹೆಸರು, ಅಂಕೆಯಲ್ಲಿ ಮತ್ತು ಅಕ್ಷರದಲ್ಲಿ ಬರೆದ ಮೊತ್ತ, ಯಾವ ನೋಟು ಎಷ್ಟು ಎಂಬ ವಿವರ. ಆಮೇಲೆ ನೋಟು ಮುಟ್ಟು. ರಬ್ಬರ್ ಬ್ಯಾಂಡ್ ತೆಗೆದು, ಕಟ್ಟಿನ ಅಂಚನ್ನು ಹೆಬ್ಬೆರಳಲ್ಲಿ ಒಮ್ಮೆ ಸರ್ರನೆ ಬಿಡಿಸಿ ನೋಡಿ ಮೆಷಿನಿಗೆ ಹಾಕು. ಸಾದಾ ಮೆಷಿನು ಎಣಿಸುವುದು ಕಾಗದವನ್ನು, ಬೆಲೆಯನ್ನಲ್ಲ. 500ರ ಕಟ್ಟಿನ ನಡುವೆ 200ರದ್ದೊಂದು ಕೂತಿದ್ದರೂ ಅದು 100 ಎಂದೇ ತೋರಿಸುತ್ತದೆ. ಮೀನು ಮಾರ್ಕೆಟಿನಿಂದ ಬರುವ ಒದ್ದೆ ನೋಟು ಎರಡೆರಡು ಅಂಟಿಕೊಂಡಿರುತ್ತದೆ, ಹೊಚ್ಚ ಹೊಸ ನೋಟೂ ಹಾಗೆಯೇ. ಅವನ್ನು ಕೈಯಲ್ಲಿ ಬಿಡಿಸಿಯೇ ಎಣಿಸಬೇಕು. ಮೊತ್ತವನ್ನು ಗಟ್ಟಿಯಾಗಿ ಹೇಳಿ ಅವರು ಹೌದು ಎಂದ ಮೇಲೆ ಎಂಟ್ರಿ, ಆಮೇಲೆ ಸೀಲು, ಸಹಿ. ಅಲ್ಲಿಯವರೆಗೆ ಆ ಹಣ ಮೇಜಿನ ಮೇಲೆಯೇ ಇರಲಿ. ಡ್ರಾಯರಿನ ಹಣದೊಂದಿಗೆ ಬೆರೆತ ಮೇಲೆ "ನಾನು ಕೊಟ್ಟದ್ದು ಇಷ್ಟು" ಎಂದು ತಕರಾರು ಬಂದರೆ ನಿನ್ನ ಹತ್ತಿರ ಉತ್ತರ ಇರುವುದಿಲ್ಲ. ಒಬ್ಬರ ಹಣ ಮೇಜಿನ ಮೇಲಿರುವಾಗ ಇನ್ನೊಬ್ಬರದ್ದನ್ನು, ಎಷ್ಟೇ ಪರಿಚಯದವರಾಗಲಿ, ಒಳಗೆ ತೆಗೆದುಕೊಳ್ಳಬೇಡ.

ಹಣ ಕೊಡುವಾಗ ಚೆಕ್ಕಿನ ತಾರೀಕಿಗೆ ಮೂರು ತಿಂಗಳು ಕಳೆದಿದೆಯೋ ನೋಡು. ಯಾವ ನೋಟು ಎಷ್ಟು ಕೊಡುತ್ತೀ ಎಂದು ಚೆಕ್ಕಿನ ಹಿಂಭಾಗದಲ್ಲಿ ಮೊದಲು ಬರೆ, ಆಮೇಲೆ ಕೊಡು. ಸಂಜೆ ಲೆಕ್ಕ ತಪ್ಪಿದರೆ ಹುಡುಕಲು ಇರುವ ದಾರಿ ಆ ಒಂದು ಸಾಲು. ಕೊಡುವಾಗ ಎಣಿಸಿ ನೋಡಿಕೊಳ್ಳಿ ಎಂದು ಮಲಯಾಳದಲ್ಲಿ "ಎಣ್ಣಿ ನೋಕ್ಕಿಕ್ಕೋಳೂ" ಅನ್ನು. ತುಳುವಿನವರಾದರೆ "ಲೆಕ್ಕ ಮಲ್ತ್ ತೂಲೆ".

ಭಾಷೆಯ ಮಾತು ಬಂತಲ್ಲ. ಇಲ್ಲಿ ಅಂಗಡಿಯಲ್ಲಿ ಆಡುವ ಮಲಯಾಳ ನಿನಗೆ ಬರುತ್ತದೆ, ಆದರೆ ಗಡಿಬಿಡಿಯಲ್ಲಿ ಸಂಖ್ಯೆ ಕೇಳುವಾಗ ಕನ್ನಡದ ಕಿವಿ ಮೋಸ ಹೋಗುತ್ತದೆ. ತೊಣ್ಣೂರ್ ಅಂದರೆ 90, ಎಣ್ಣೂರ್ ಅಂದರೆ 800. ಎರಡರ ಕೊನೆಯಲ್ಲೂ ನೂರಿನ ಸದ್ದು. ತೊಳ್ಳಾಯಿರಂ ಅಂದರೆ 900. ಬಾಲದಲ್ಲಿ "ಆಯಿರಂ" ಕೇಳಿತೆಂದು ಸಾವಿರದ ಲೆಕ್ಕಕ್ಕೆ ಹೋಗಬೇಡ. ಬಾಯಿಮಾತನ್ನು ನಂಬದೆ ಅಂಕೆ ಬರೆದು ತೋರಿಸಿ ಕೇಳು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನೋಟಿನ ಬಗ್ಗೆ ಸಂಶಯ ಬಂದರೆ ವಾಲಿಸಿ ನೋಡು: 500ರ ನೋಟಿನ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು, ಎರಡೂ ಬದಿಯ ಅಂಚಿನಲ್ಲಿ ಐದೈದು ಓರೆ ಗೆರೆಗಳು ಬೆರಳಿಗೆ ಸಿಗಬೇಕು. 200ರಲ್ಲಿ ನಾಲ್ಕು ಗೆರೆ, ನಡುವೆ ಎರಡು ಸಣ್ಣ ವೃತ್ತ. ಖೋಟಾ ಎಂದು ಖಚಿತವಾದರೆ ಅದನ್ನು ತಂದವರಿಗೆ ಹಿಂದೆ ಕೊಡುವಂತಿಲ್ಲ. "ಕೊಡಿ, ಬೇರೆ ತರುತ್ತೇನೆ" ಅಂತ ಅಂಗಲಾಚುತ್ತಾರೆ. ಹೆಚ್ಚಿನವರು ಪಾಪದವರೇ, ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಸೇರಿ ಬಂದಿರುತ್ತದೆ. ದನಿ ಏರಿಸಬೇಡ, ಮೆನೇಜರರನ್ನು ಕರೆ. ನೋಟಿಗೆ ಸೀಲು ಹಾಕಿ ಇಟ್ಟುಕೊಂಡು ರಶೀದಿ ಕೊಡಬೇಕು. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕಿದರೆ ತಿಂಗಳ ಕೊನೆಯ ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ. ಐದಾದರೆ ಕೂಡಲೇ ದೂರು.

ಸಂಜೆ ಟ್ಯಾಲಿ ಆಗದಿದ್ದರೆ ಅಳುವ ಮೊದಲು ವ್ಯತ್ಯಾಸದ ಅಂಕೆಯನ್ನು ನೋಡು. 9ರಿಂದ ಭಾಗವಾಗುತ್ತದೆಯೇ? ಹಾಗಾದರೆ ಅಂಕೆ ಹಿಂದುಮುಂದಾಗಿರಬಹುದು: 5,400ನ್ನು 4,500 ಎಂದು ಹೊಡೆದರೆ 900 ವ್ಯತ್ಯಾಸ. ಇಲ್ಲವಾದರೆ ಅರ್ಧ ಮಾಡಿ ಆ ಮೊತ್ತದ ವೋಚರ್ ಹುಡುಕು. 3,000 ಕೊಟ್ಟದ್ದನ್ನು ಬಂದದ್ದೆಂದು ಎಂಟ್ರಿ ಮಾಡಿದ್ದರೆ 6,000 ಕಡಿಮೆ ಬೀಳುತ್ತದೆ. ಸರಿಯಾಗಿ 500 ಅಥವಾ 200 ಮಾತ್ರ ಕಡಿಮೆಯಿದ್ದರೆ ತಪ್ಪು ಪುಸ್ತಕದಲ್ಲಲ್ಲ, ನೋಟಿನಲ್ಲಿ. ಕಟ್ಟುಗಳನ್ನು ಬಿಚ್ಚಿ ಎಣಿಸು. ಹೆಚ್ಚು ಬಂದರೂ ಅದೇ ದಿನ ಹೇಳಬೇಕು. ನಾಳೆ ಕಡಿಮೆ ಬಿದ್ದರೆ ಆಗುತ್ತದೆ ಅಂತ ಡ್ರಾಯರಿನ ಮೂಲೆಯಲ್ಲಿ ಇಟ್ಟ 200 ರೂಪಾಯಿ, ಕಡಿಮೆ ಬಿದ್ದ 2,000ಕ್ಕಿಂತ ಕೆಟ್ಟದ್ದು.

ಪಾಸ್‌ವರ್ಡ್ ಯಾರಿಗೂ ಹೇಳಬೇಡ, ಅಕ್ಕ ಎಂದು ಕರೆಯುವವರಿಗೂ. ಚಾಯಕ್ಕೆ ಏಳುವಾಗ ಲಾಗ್ ಔಟ್, ಡ್ರಾಯರಿಗೆ ಬೀಗ, ಬೀಗದ ಕೈ ನಿನ್ನಲ್ಲಿ. ಸೇರುವ ದಿನ ಮೂಲ ಸರ್ಟಿಫಿಕೇಟುಗಳನ್ನು ತೋರಿಸಿ ವಾಪಸು ತಾ, ಪ್ರತಿ ಮಾತ್ರ ಕೊಡು. ಹೆಸರಿನ ಇನಿಶಿಯಲ್ ಆಧಾರಿನಲ್ಲಿ ಇದ್ದಂತೆಯೇ ಬರೆದಿದ್ದಾರೋ ಅಲ್ಲೇ ನೋಡಿಕೋ.

ಎರಡನೇ ಶನಿವಾರ ರಜೆಯಲ್ಲವೇ, ಬಾ. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು 500ರ ನೋಟಿನ ಅಳತೆಗೆ ಕತ್ತರಿಸಿ ಇಡುತ್ತೇನೆ, 15 ಸೆಂಟಿಮೀಟರ್ ಉದ್ದ, 6.6 ಅಗಲ. ನೂರರ ಕಟ್ಟು ಕೈಯಲ್ಲಿ ಎಣಿಸಲು ಕೂರೋಣ.

ಇತಿ,
ದೊಡ್ಡಮ್ಮ