ತೈಲವರ್ಣಕ್ಕೆ ಯೋಗ್ಯವೆಂದು ಮಾರಿದ ಕ್ಯಾನ್ವಾಸಿನ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಚಿತ್ರಕಲಾ ಸಾಮಗ್ರಿಗಳ ಮಳಿಗೆ, ಬೆಳಗಾವಿ

ವಿಷಯ: ದೋಷಯುಕ್ತ ಕ್ಯಾನ್ವಾಸ್ ಹಾಗೂ ಬಣ್ಣದ ಟ್ಯೂಬಿನ ಹಣ ಮರಳಿಸುವ ಕುರಿತು

ಮಾನ್ಯರೇ,

ಫೋನಿನಲ್ಲಿ ಸೌಜನ್ಯದಿಂದ ಕೇಳಿದಾಗಲೆಲ್ಲ "ಮಾಲಕರು ಬಂದ ಮ್ಯಾಲ ಹೇಳ್ತೇವ್ರಿ" ಎಂಬ ಒಂದೇ ಉತ್ತರ ಬಂದುದರಿಂದ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ.

ಬಾದಾಮಿಯ ಅಗಸ್ತ್ಯ ತೀರ್ಥದ ಮೇಲಿನ ಬಂಡೆಗಳನ್ನು ತೈಲವರ್ಣದಲ್ಲಿ ಬರೆಯಲೆಂದು ನಿಮ್ಮಲ್ಲಿ ಕ್ಯಾನ್ವಾಸ್ ಕೊಂಡೆ. ಪ್ರೈಮ್ ಮಾಡಿದ್ದು (ಬಣ್ಣಕ್ಕೆ ಮೊದಲಿನ ಅಸ್ತರು ಬಳಿದದ್ದು), ಆಯಿಲ್ ಮತ್ತು ಅಕ್ರಿಲಿಕ್ ಎರಡಕ್ಕೂ ಯೋಗ್ಯ ಎಂದು ಅದರ ಲೇಬಲ್ಲಿನಲ್ಲಿದೆ. ಮೊದಲ ತೆಳು ಲೇಪ ಹಚ್ಚಿದ ಮರುದಿನವೇ ಹಿಂಬದಿಯಲ್ಲಿ ಎಣ್ಣೆಯ ಹಳದಿ ಕಲೆಗಳು ಮೂಡಿದವು. ಉಳಿದ ತುಂಡನ್ನು ಕಿಟಕಿಗೆ ಹಿಡಿದರೆ ನೂಲಿನ ಸಂದುಗಳಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಬಟ್ಟೆಗೂ ಬಣ್ಣಕ್ಕೂ ನಡುವೆ ಗೆಸ್ಸೋ ಎಂಬ ಆ ಅಸ್ತರಿನ ತಡೆ ಇಲ್ಲದಿದ್ದರೆ ಅಗಸೆ ಎಣ್ಣೆ ನೂಲಿಗಿಳಿದು ಅದನ್ನು ಕ್ರಮೇಣ ಪೆಡಸಾಗಿಸಿ ಹರಿದುಹೋಗುವಂತೆ ಮಾಡುತ್ತದೆಂಬುದು ಈ ವ್ಯಾಪಾರದಲ್ಲಿರುವ ತಮಗೆ ತಿಳಿಯದ್ದೇನಲ್ಲ.

ಬಿಲ್ಲಿನ ಹಿಂಬದಿಯಲ್ಲಿ ತಾವೇ ಅಚ್ಚು ಹಾಕಿಸಿದ, "ದೋಷವಿದ್ದರೆ 15 ದಿನಗಳೊಳಗೆ ಬದಲಿಸಿ ಕೊಡಲಾಗುವುದು" ಎಂಬ ನಿಯಮವನ್ನು ನಂಬಿ ಅವಧಿಯೊಳಗೇ ಮಳಿಗೆಗೆ ಬಂದೆ. ಕೌಂಟರಿನಲ್ಲಿದ್ದ ತರುಣ ಕ್ಯಾನ್ವಾಸನ್ನು ಬಿಚ್ಚಲೂ ಇಲ್ಲ. "ಅಕ್ಕಾರ, ಎಣ್ಣಿ ಜಾಸ್ತಿ ಹಾಕೀರಿ" ಎಂದ. ಹಾಕಿದ್ದು ಟರ್ಪಂಟೈನಿನಲ್ಲಿ ತೆಳುವಾಗಿಸಿದ ಬಣ್ಣವೆಂದೆ. ಆತ ಪಕ್ಕದ ಗಿರಾಕಿಗೆ ಸ್ಕೆಚ್‌ಪೆನ್ ತೋರಿಸಿ, ಚಿಲ್ಲರೆ ಎಣಿಸಿ ಕೊಟ್ಟು, ನನ್ನತ್ತ ತಿರುಗದೆಯೇ "ಹಂಗಾರ ಗ್ವಾಡಿಗೆ ಹಚ್ಚೂ ಪ್ರೈಮರ್ ಒಂದ್ ಕೋಟ್ ಹೊಡೀರಲ್ಲ, ಮನ್ಯಾಗ ತೂಗ್ಹಾಕಾಕ ಅಷ್ಟ ಸಾಕು" ಎಂದ. ಅಂಗಡಿಯಲ್ಲಿದ್ದವರು ನಕ್ಕರು. ಅಲ್ಲಿದ್ದವರಲ್ಲಿ ನಾನು ಚಿತ್ರಕಲೆ ಕಲಿಸಿದ ಹುಡುಗನೊಬ್ಬನಿದ್ದ; ಅವನು ಮಾತ್ರ ತಲೆ ತಗ್ಗಿಸಿಕೊಂಡ. ಬಿಲ್ಲು ತೋರಿಸಿದಾಗ ಆ ತರುಣ ಅದನ್ನು ತಿರುವಿ ನೋಡಿ, "ಇದು ಹಳೇ ಬಿಲ್ ಬುಕ್‌ರಿ" ಎಂದು ಮೇಜಿನ ಮೇಲೆ ಜಾರಿಸಿದ. ಹಳೆಯ ಪುಸ್ತಕದಲ್ಲಿ ಬರೆದ ಬಿಲ್ಲಿಗೆ ಹೊಸ ನೋಟುಗಳನ್ನೇ ತೆಗೆದುಕೊಂಡಿದ್ದಿರಿ. ಗೋಡೆಯ ಪ್ರೈಮರ್ ಬಗ್ಗೆಯೂ ಒಂದು ಮಾತು: ಗೋಡೆ ಅಲುಗುವುದಿಲ್ಲ, ಚೌಕಟ್ಟಿಗೆ ಬಿಗಿದ ಬಟ್ಟೆ ಹಿಗ್ಗಿ ಕುಗ್ಗುತ್ತದೆ, ಅದರ ಮೇಲೆ ಆ ಪ್ರೈಮರ್ ಬಿರಿಯುತ್ತದೆ. ಈ ಸಲಹೆ ಇನ್ನೆಷ್ಟು ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಕ್ಕಿದೆಯೋ!

ಟ್ಯೂಬಿನ ವಿಷಯ ಚಿಕ್ಕದು. ಬಂಡೆಗೆ ಬೇಕಾದ ಕೆಂಪು, ಕಬ್ಬಿಣದ ಆಕ್ಸೈಡಿನದು; ಸಂಜೆಬಿಸಿಲು ಬಿದ್ದ ಅಂಚುಗಳಿಗೆಂದಷ್ಟೇ ಕ್ಯಾಡ್ಮಿಯಂ ರೆಡ್ ಕೇಳಿದ್ದೆ. ಬಿಲ್ಲಿನಲ್ಲಿ ಅದರದೇ ಹೆಸರು, ಅದರದೇ ದರ. ಟ್ಯೂಬಿನ ಮೇಲೆ ಮಾತ್ರ ಸಣ್ಣಕ್ಷರದಲ್ಲಿ 'ಹ್ಯೂ' (ಆ ಬಣ್ಣದ ಛಾಯೆ ಮಾತ್ರ) ಎಂದಿದೆ, ಅಸಲಿ ಕ್ಯಾಡ್ಮಿಯಂ ರೆಡ್ಡಿನ ಪಿಆರ್ 108 ಎಂಬ ವರ್ಣದ್ರವ್ಯ ಸಂಕೇತವಿಲ್ಲ. ಅಂದರೆ ಕ್ಯಾಡ್ಮಿಯಮ್ಮೇ ಇಲ್ಲದ ಕ್ಯಾಡ್ಮಿಯಂ.

ಎರಡರ ಹಣವನ್ನೂ ಈ ಪತ್ರ ತಲುಪಿದ 10 ದಿನಗಳೊಳಗೆ ಮರಳಿಸಿರಿ. ತಪ್ಪಿದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮುಂದೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂದೂ ಇಲ್ಲ, ದೂರು ಸಲ್ಲಿಸಲು 2 ವರ್ಷಗಳ ಕಾಲಾವಕಾಶವಿದೆ. ನಿವೃತ್ತಳಾದ ನನಗೆ ಬೇರೆ ಕೆಲಸವೂ ಇಲ್ಲ. ಕಲೆಬಿದ್ದ ಕ್ಯಾನ್ವಾಸ್, ಟ್ಯೂಬು, ಆ "ಹಳೇ" ಬಿಲ್ಲು ಮೂರನ್ನೂ ಜೋಪಾನವಾಗಿ ಇರಿಸಿದ್ದೇನೆ. ಈ ಪತ್ರದ ಪ್ರತಿಗಳನ್ನು ನಿಮ್ಮಲ್ಲಿ ಸಾಮಗ್ರಿ ಕೊಳ್ಳುವ ಶಾಲೆಗಳ ಚಿತ್ರಕಲಾ ಶಿಕ್ಷಕರಿಗೂ ಕಳುಹಿಸಲಿದ್ದೇನೆ; ಅವರಲ್ಲಿ ಹೆಚ್ಚಿನವರು ನನ್ನ ವಿದ್ಯಾರ್ಥಿಗಳು.

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ,
ಟಿಳಕವಾಡಿ, ಬೆಳಗಾವಿ