ತೂಬಿನ ಜಗಳಕ್ಕೆ ರೈತರೇ ಕಾರಣವೇ?

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆ ತೂಬಿನ ಹತ್ತಿರ ನೀರಿಗಾಗಿ ಎರಡು ಊರಿನ ರೈತರು ಹೊಡೆದಾಡಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಆ ರಾತ್ರಿ ನಾನೂ ಅಲ್ಲೇ ಇದ್ದೆ. ಜಗಳ ಮಾಡಲೆಂದು ಯಾರೂ ಹೋಗಿರಲಿಲ್ಲ. ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ನೀರು ನಿಂತರೆ ಮನೆಯಲ್ಲಿ ನಿದ್ದೆ ಬರುತ್ತದಾ?

ಮೂರು ರಾತ್ರಿ ಕಾಲುವೆ ದಂಡೆ ಮೇಲೆ ಕಾವಲು ಕೂತೆ. ಬೈಕಿನ ಪೆಟ್ರೋಲ್ ಖರ್ಚು ನನ್ನದೇ. ತಂಗಿಯ ಮಗಳ ನಿಶ್ಚಿತಾರ್ಥಕ್ಕೂ ಹೋಗಲಾಗಲಿಲ್ಲ, ತಂಗಿ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಇಷ್ಟೆಲ್ಲ ಆದ ಮೇಲೆ ಬಂದದ್ದು ಪಾದ ನೆನೆಯುವಷ್ಟು ನೀರು. ನಮ್ಮೂರಿನ ಕುಡಿಯುವ ನೀರಿನ ಕೆರೆಯೂ ಇದೇ ಕಾಲುವೆಯಿಂದ ತುಂಬಬೇಕು. ಅದರ ತಳ ಕಾಣುತ್ತಿದೆ.

ತುಂಗಭದ್ರಾ ಎಡದಂಡೆ ಕಾಲುವೆ ಆದದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಲ್ವಾ? ಈಗ ಮೇಲ್ಭಾಗದಲ್ಲಿ ಎಲ್ಲಿ ನೋಡಿದರೂ ಭತ್ತ. ಕಾಲುವೆಗೇ ಪಂಪ್‌ಸೆಟ್ ಇಟ್ಟು, ಪೈಪ್ ಹೂತು ನೀರು ಎಳೆಯುತ್ತಾರೆ. ನಮ್ಮ ಕಣ್ಣಿಗೆ ಬೀಳುವ ಪೈಪು ಜೀಪಿನಲ್ಲಿ ಓಡಾಡುವವರಿಗೆ ಕಾಣುವುದಿಲ್ಲವೇ? ನಿಷೇಧಾಜ್ಞೆ ಹಾಕುತ್ತಾರೆ, ನಾಲ್ಕು ಪಂಪು ಕೀಳುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಜೀಪು ಮರೆಯಾಗುವುದೇ ತಡ, ಪಂಪು ಮತ್ತೆ ಶುರು.

ಇದು ಇವತ್ತಿನ ಕತೆಯಲ್ಲ. ಎರಡು ವರ್ಷದ ಹಿಂದೆ ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದೆವು. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದು ಸಂಜೆವರೆಗೆ ಸುಮ್ನೆ ಕೂರಿಸಿದರು. ಅರ್ಜಿ ಮೇಲೆ ಸೀಲ್ ಬಿತ್ತು, ಅಷ್ಟೇ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ನಿಲ್ಲುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋಗಿ, ತುಂಬಿದ್ದ ನೀರು ಕಣ್ಣೆದುರೇ ಹೊಳೆಪಾಲಾಯಿತು. ಹೂಳು ತೆಗೆಯುವ ಮಾತು ಕೇಳಿ ಕೇಳಿ ನನ್ನ ತಲೆ ಬೆಳ್ಳಗಾಯಿತು. ಇರುವ ನೀರನ್ನಾದರೂ ನೆಟ್ಟಗೆ ಹಂಚಬಾರದೇ?

ಕಾಲುವೆಯ ಮೈಲ್ 104ರಲ್ಲಿ ಗೇಜ್, ಅಂದರೆ ನಿಗದಿಯಾದ ನೀರಿನ ಮಟ್ಟ, ಕಾಯ್ದುಕೊಂಡು ನೀರು ಬಿಡಿ. ಆಗದಿದ್ದರೆ ಭತ್ತ ಹಾಕಬೇಡಿ ಎಂದು ಮೇಲಿನವರಿಗೆ ಹೇಳಿ. ಅದೂ ಆಗದಿದ್ದರೆ ಹತ್ತಿ ಹಾಕಬೇಡಿ ಎಂದು ನಮಗೆ ಜೂನ್‌ನಲ್ಲೇ ಹೇಳಿ, ಬೀಜ ಗೊಬ್ಬರದ ಸಾಲವಾದರೂ ಉಳಿಯುತ್ತದೆ. ಏನಾದರೂ ಒಂದು ಮಾಡಿ. ತಲೆ ಒಡೆದ ಮೇಲೆ ಪೊಲೀಸರ ಹಿಂದೆ ಬರುವ ಅಧಿಕಾರಿಗಳು ಒಂದು ರಾತ್ರಿ ತೂಬಿನ ಹತ್ತಿರ ನಮ್ಮ ಜೊತೆ ಕೂರಲಿ. ನಾಚಿಕೆಯಾಗಬೇಕು ಅವರಿಗೆ.

– ಕಾಲುವೆ ಕೊನೆ ಭಾಗದ ರೈತ, ಸಿರವಾರ ತಾಲ್ಲೂಕು